ನೀರಿನ ಟ್ಯಾಂಕಿನ ಹಿಂದಿನ ಮತದಾರರು

ಫೆಬ್ರವರಿ 2, ಭಾನುವಾರ

ಚಿಕ್ಕಪ್ಪ,

ಮೊದಲು ಮುಖ್ಯ ಸುದ್ದಿ, ಆಮೇಲೆ ಕ್ಷೇಮ ಸಮಾಚಾರ. ನಾನು ಮತದಾರಳಾದೆ. ನಿನ್ನೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ನೋಡಿದೆ, ಬೆರಳಿಟ್ಟು ಮತ್ತೊಮ್ಮೆ ನೋಡಿದೆ, ನಂಬಿಕೆ ಬರದೆ ಉದ್ದಕ್ಕನ ಕೈಲಿ ಓದಿಸಿದೆ. ಉದ್ದಕ್ಕ ನನ್ನ ರೂಮ್‌ಮೇಟ್, ಮೂರನೇ ವರ್ಷದವಳು, ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವವಳು.

ನಿನಗೆ ಬೇಜಾರಾಗಬಾರದು, ಒಂದು ಮಾತು. ಒಂದನೇ ಕ್ಲಾಸಿನಿಂದ ಯಾವ ಅರ್ಜಿ ಕೊಟ್ಟರೂ 'ಮನೆ ವಿಳಾಸ' ಅನ್ನುವ ಜಾಗದಲ್ಲಿ ನಿನ್ನ ಮನೆಯನ್ನೇ ಬರೆದಿದ್ದೆ. ಅಪ್ಪ ಅಮ್ಮ ಸೇತುವೆ ಕಟ್ಟುವವರು, ಸೇತುವೆ ಮುಗಿದ ಕೂಡಲೇ ಅವರ ವಿಳಾಸವೂ ಮುಗಿಯುತ್ತೆ. ನಿನ್ನ ಮನೆಗೆ ನಾನು ರಜೆಯಲ್ಲಿ ಬಂದು ಹೋಗುವವಳು. ಈ ಸಲ ಆ ಜಾಗಕ್ಕೆ ಬಂದಾಗ ಪೆನ್ನು ತಾನಾಗಿಯೇ ನಿಂತಿತು. ಸ್ವಲ್ಪ ಹೊತ್ತು ಉಗುರು ಕಚ್ಚಿ, ಆಮೇಲೆ ಹಾಸ್ಟೆಲ್ ವಿಳಾಸ ಬರೆದೆ. 

ಹಾಸ್ಟೆಲ್ ಅಂದರೆ ಮೂರು ಜನರ ರೂಮಿನಲ್ಲಿ ಐದು ಜನ. ಮೂರು ಮಂಚ ಜೋಡಿಸಿ ಅಡ್ಡಡ್ಡ ಮಲಗುತ್ತೇವೆ. ಉದ್ದಕ್ಕನ ಕಾಲಿಗೆ ಮಾತ್ರ ಒಂದು ಕುರ್ಚಿ ಬೇಕು. ನಾನು ಮತ್ತು ಇನ್ನೊಬ್ಬಳು 'ಎಕ್ಸ್‌ಟ್ರಾ'. ಪ್ರತಿ ರೂಮಿನಲ್ಲೂ ಹೀಗೇ ಇಬ್ಬರು. ಸರ್ಕಾರದ ಲೆಕ್ಕದಲ್ಲಿ ನಾವಿಲ್ಲ, ವಾರ್ಡನಮ್ಮನ ದಯೆಯಲ್ಲಿ ಇದ್ದೇವೆ.

ಮುಂದಿನ ತಿಂಗಳು ಚುನಾವಣೆ, ಊರಲ್ಲಿ ಎಲ್ಲರ ಬಾಯಲ್ಲೂ ನಮ್ಮದೇ ಮಾತು. ಕಾಲೇಜು ಬೆಳೆದು ಬೆಳೆದು ಈಗ ಮತದಾರರಲ್ಲಿ ಅರ್ಧ ನಾವೇ, ಓದೋಕೆ ಬಂದವರು. ಇಲ್ಲಿ ಇರುವವರು ಇಲ್ಲೇ ವೋಟು ಹಾಕಲಿ ಅನ್ನುತ್ತೆ ರಾಜ್ಯ. ಇಷ್ಟು ಬೇಗ ಇಷ್ಟು ಹೊಸ ಹೆಸರು ಹೇಗೆ ಬಂತು, ಚುನಾವಣೆಯ ಭದ್ರತೆಯ ಪ್ರಶ್ನೆ ಇದು, ಪರಿಶೀಲಿಸುತ್ತೇವೆ ಅನ್ನುತ್ತೆ ಕೇಂದ್ರ. ಪರಿಶೀಲನೆ ಅಂದರೆ ಕಂಪ್ಯೂಟರಿನಲ್ಲಿ ಏನೋ ಮಾಡ್ತಾರಂತೆ. ಮತಪೆಟ್ಟಿಗೆ ಇಡುವ ಕೋಣೆಗೆ ಈಗಲೇ ಎರಡು ಬೀಗ, ಒಂದು ರಾಜ್ಯದ್ದು, ಒಂದು ಕೇಂದ್ರದ್ದು. ಕಾವಲಿಗೆ ಎರಡು ಬಣ್ಣದ ಯೂನಿಫಾರ್ಮ್. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಜಗಳ ಆಡಿದ ಅಕ್ಕತಂಗಿಯರ ಹಾಗೆ.

ಗೇಟಿನ ಎದುರಿನ ಟೀ ಅಂಗಡಿ ಯಜಮಾನರು ಮಾತ್ರ ನನ್ನ ಖುಷಿಗೆ ನೀರು ಸುರಿದರು. ನೀವು ಮೂರು ವರ್ಷ ಇದ್ದು ಹೋಗುವವರು, ನೀವು ಆರಿಸಿದವನ ಜೊತೆ ಬಾಳುವವರು ನಾವು ಅಂದರು. ಟೀ ಕುಡಿದು ಬಂದೆ.

ಚುನಾವಣೆ ಡ್ಯೂಟಿಯಲ್ಲಿ ನಿನ್ನ ಫೋನ್ ತೆಗೆದಿಟ್ಟುಕೊಂಡಿದ್ದಾರೆ, ಎಲ್ಲಿದ್ದೀಯ ಅಂತಲೂ ಹೇಳುವಂತಿಲ್ಲ ಅಂತ ಅಮ್ಮ ಹೇಳಿದಳು. ಅದಕ್ಕೇ ನಿಮ್ಮ ಕೇಂದ್ರ ಕಚೇರಿಯ ಅಂಚೆಪೆಟ್ಟಿಗೆಗೆ ಬರೆಯುತ್ತಿದ್ದೇನೆ. ಹಾಸ್ಟೆಲ್ ಶಾಲೆಯಲ್ಲಿ ಭಾನುವಾರ ಬರೆಸುತ್ತಿದ್ದ ಪತ್ರ ಈಗ ಉಪಯೋಗಕ್ಕೆ ಬಂತು ನೋಡು.

ಗೇಟಿನ ಹತ್ತಿರ ಒಂದು ಕಂದು ನಾಯಿ ಇದೆ. ಯಾರದ್ದಾದರೂ ಒಂದೇ ಬೂಟು ಕದಿಯುತ್ತೆ, ಜೋಡಿ ಮುಟ್ಟುವುದಿಲ್ಲ.

ನಿನ್ನ,
ಇರುವೆ


ಫೆಬ್ರವರಿ 8, ಶನಿವಾರ

ಇರುವೆ,

ನನಗೆ ಯಾಕೆ ಬೇಜಾರು? ನೀನು ಇದ್ದಲ್ಲಿಯ ವಿಳಾಸ ನೀನು ಬರೆದೆ. ಒಂದು ಕ್ಷಣ ನನ್ನ ಮನೆಯ ಬಾಗಿಲು ಕಣ್ಣಮುಂದೆ ಬಂದಿದ್ದು ನಿಜ. ಅಷ್ಟೇ.

ನಿನ್ನ ಪತ್ರ ರಾಜಧಾನಿಗೆ ಹೋಗಿ, ಅಲ್ಲಿ ಯಾರೋ ಠಸ್ಸೆ ಒತ್ತಿ, ಆಮೇಲೆ ನಾನಿರುವಲ್ಲಿಗೆ ಬಂತು. ನನ್ನದೂ ಹಾಗೇ ಬರುತ್ತೆ. ನಾಲ್ಕೈದು ದಿನ ತಡ ಅಂದುಕೊಂಡು ಓದು.

ಇಲ್ಲಿ ಊಟ ಪರವಾಗಿಲ್ಲ, ಸೊಳ್ಳೆ ವಿಪರೀತ. ಒಂದು ನಾಯಿ ನನ್ನ ಎಡಗಾಲಿನ ಬೂಟು ಹೊತ್ತುಕೊಂಡು ಹೋಗಿದೆ. ಹೊಸದು ಕೊಳ್ಳೋಣ ಅಂದರೆ ಬಿಡುವಿಲ್ಲ, ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ. ಸಹೋದ್ಯೋಗಿಗಳು ನನ್ನನ್ನು 'ಸಮ್ಮಿಶ್ರ ಸರ್ಕಾರ' ಅಂತ ಕರೆಯುತ್ತಾರೆ.

ನಾನು ಏನು ಕೆಲಸ ಮಾಡುತ್ತಿದ್ದೇನೆ ಅಂತ ಬರೆಯುವಂತಿಲ್ಲ. ಆದರೆ ಚಿಕ್ಕಪ್ಪನಾಗಿ ಒಂದು ಬುದ್ಧಿಮಾತು ಹೇಳಬಹುದು. ನಿನ್ನ ವಿಳಾಸಕ್ಕೆ ಯಾರಾದರೂ ಬಂದು ನಿನ್ನ ಹೆಸರು ಹಿಡಿದು ಕರೆದರೆ, ಏನೇ ಕೆಲಸವಿದ್ದರೂ ಬಿಟ್ಟು ಎದುರಿಗೆ ಬಂದು ನಿಲ್ಲು. ಯಾಕೆ ಅಂತ ಕೇಳಬೇಡ.

ಚಿಕ್ಕಪ್ಪ


ಫೆಬ್ರವರಿ 12, ಬುಧವಾರ

ಚಿಕ್ಕಪ್ಪ,

ನಿನ್ನ ಪತ್ರ ಇನ್ನೂ ಬಂದಿಲ್ಲ, ಆದರೆ ಕಾಯೋಕೆ ಆಗ್ತಿಲ್ಲ. ಇವತ್ತು ನಾನು ಹಾಸ್ಟೆಲಿನ ಹೀರೋ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗೇಟಿನಲ್ಲಿ ಜೀಪು ನಿಂತಿತು. ಒಂದು ಉದ್ದ ಗಂಟೆ, ಎರಡು ಗಿಡ್ಡ. ಅಂದರೆ ತಪಾಸಣೆ, ಎಕ್ಸ್‌ಟ್ರಾಗಳು ಮಾಯವಾಗಬೇಕು. ಉಳಿದವರು ಹೌಹಾರಿ ಅಲ್ಲಿಂದಿಲ್ಲಿಗೆ ಓಡುತ್ತಿದ್ದರು. ನನಗೆ ಮಾತ್ರ ಆರನೇ ವಯಸ್ಸಿನಿಂದ ಇದೇ ಅಭ್ಯಾಸ. ನಮ್ಮ ಶಾಲೆಯ ಹಾಸ್ಟೆಲಿನಲ್ಲೂ ಹಾಸಿಗೆಗಿಂತ ಮಕ್ಕಳು ಜಾಸ್ತಿ ಇದ್ದರಲ್ಲ, ಮೇಟ್ರನ್ನಮ್ಮ ಓದು ಕಲಿಸುವ ಮೊದಲು ಅಡಗುವುದು ಕಲಿಸಿದ್ದರು.

ಮೊದಲು ಮಂಚ ಬೇರೆ ಮಾಡಬೇಕು. ಐದು ದಿಂಬಿನಲ್ಲಿ ಎರಡು ಅಟ್ಟಕ್ಕೆ. ಟವೆಲ್, ಬ್ರಷ್, ಚಪ್ಪಲಿ, ಎಲ್ಲ ಒಂದು ಬಕೆಟ್ಟಿಗೆ. ಎಲ್ಲರೂ ಮರೆಯುವುದು ಕನ್ನಡಿಗೆ ಅಂಟಿಸಿದ ಹೇರ್‌ಪಿನ್. ನಾನು ಮರೆಯಲ್ಲ. ಎಲ್ಲ ಎಕ್ಸ್‌ಟ್ರಾಗಳನ್ನೂ ಹಿಂದಿನ ಮೆಟ್ಟಿಲಿನಿಂದ ತಾರಸಿಗೆ ಹತ್ತಿಸಿ, ಒಣಹಾಕಿದ್ದ ಬೆಡ್‌ಶೀಟುಗಳ ಆಚೆ, ನೀರಿನ ಟ್ಯಾಂಕಿನ ಹಿಂದೆ ಸಾಲಾಗಿ ಕೂರಿಸಿದೆ. ಕೆಮ್ಮು ಇದ್ದವಳ ಬಾಯಿಗೆ ಅವಳದೇ ದುಪಟ್ಟಾ.

ಅವರು ತಾರಸಿಗೂ ಬಂದರು. ಬೆಡ್‌ಶೀಟಿನ ಕೆಳಗಿನ ಸಂದಿಯಲ್ಲಿ ಬರೀ ಪಾದಗಳು ಕಾಣುತ್ತಿದ್ದವು. ಒಬ್ಬರದ್ದು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ನಗು ತಡೆಯೋಕೆ ಮೊಣಕಾಲು ಕಚ್ಚಿಕೊಂಡೆ. ಆ ಪಾದಗಳು ಸುಮಾರು ಹೊತ್ತು ಅಲ್ಲೇ ನಿಂತಿದ್ದವು. ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ತಿರುಗಿ ಹೋದವು.

ಒಬ್ಬಳೂ ಸಿಕ್ಕಿಬೀಳಲಿಲ್ಲ. ಸಂಜೆ ಎಲ್ಲರೂ ನನ್ನನ್ನು ಎತ್ತಿಕೊಂಡು ಕುಣಿದರು, ಉದ್ದಕ್ಕನ ಹೆಗಲಿನಿಂದ ಸೀಲಿಂಗ್ ಮುಟ್ಟಿದೆ. ಬಂದವರು ರೂಮಿನಲ್ಲಿ ಎಷ್ಟು ಜನ ಅಂತ ನೋಡೋಕೆ ಬರುವ ಅಗ್ನಿಶಾಮಕದವರಿರಬೇಕು. ವಾರ್ಡನಮ್ಮ ಮಾತ್ರ ಯಾಕೋ ರೂಮಿನ ಬಾಗಿಲು ಹಾಕಿಕೊಂಡಿದ್ದಾರೆ. ಭಯ ಇಳಿದಿಲ್ಲ ಅನ್ಸುತ್ತೆ.

ನಿನ್ನ ಹೆಮ್ಮೆಯ,
ಇರುವೆ


ಫೆಬ್ರವರಿ 17, ಸೋಮವಾರ

ಇರುವೆ,

ಪತ್ರ ಓದಿದೆ. ಎರಡು ಸಲ ಓದಿದೆ.

ಶುಕ್ರವಾರ ಮತದಾರರ ಪಟ್ಟಿ ಮತ್ತೆ ಅಂಟಿಸುತ್ತಾರೆ. ಹೋಗಿ ನೋಡು. ನೋಡಿದ ಮೇಲೆ ಕೂತು ಅಳಬೇಡ, ಆಕ್ಷೇಪಣೆ ಬರೆದುಕೊಡು. ಅದಕ್ಕೆ ವಿಚಾರಣೆ ಅಂತ ಒಂದು ಇರುತ್ತೆ. ಇಷ್ಟು ಎಲ್ಲ ಪತ್ರಿಕೆಯಲ್ಲೂ ಬಂದಿದೆ, ನಾನು ಹೇಳಿದಂತಲ್ಲ.

ನಿನ್ನ ಟ್ರಂಕಿನ ಮೇಲೆ ನಾನು ಬರೆದ ಇರುವೆಗೆ ಒಂದು ಕಾಲು ಅಳಿಸಿಹೋಗಿದೆ. ಬಿಳಿ ಬಣ್ಣ ತಂದು ಬರೆದುಕೋ.

ಚಿಕ್ಕಪ್ಪ


ಫೆಬ್ರವರಿ 22, ಶನಿವಾರ

ಚಿಕ್ಕಪ್ಪ,

ನಿನ್ನೆ ಪಟ್ಟಿ ಅಂಟಿಸಿದರು. ನನ್ನ ಹೆಸರಿನ ಮುಂದೆ 'ಸಿಗಲಿಲ್ಲ' ಅಂತ ಇದೆ. ಎಲ್ಲ ಎಕ್ಸ್‌ಟ್ರಾಗಳದ್ದೂ ಹಾಗೇ. ಬಂದವರು ಅಗ್ನಿಶಾಮಕದವರಲ್ಲ, ಕೇಂದ್ರದ ಪರಿಶೀಲನೆ ತಂಡ. ಕೋಣೆ ಕೋಣೆಗೆ ಹೋಗಿ ಹೆಸರು ಕೂಗಿದ್ದಾರೆ. ಅದು ಎಕ್ಸ್‌ಟ್ರಾಗಳನ್ನು ಹಿಡಿಯುವ ಹಾಜರಿ ಅಂತ ಲೆಕ್ಕದಲ್ಲಿರುವವರೆಲ್ಲ ಅಂದುಕೊಂಡರಂತೆ. ಕಣ್ಣಿಗೆ ಕಂಡವರು ಮಾತ್ರ ಪಟ್ಟಿಯಲ್ಲಿ ಉಳಿದರು. ಗಂಟೆ ಹೊಡೆದ ಮೇಲೆ ವಾರ್ಡನಮ್ಮನಿಗೆ ವಿಷಯ ಗೊತ್ತಾಯಿತಂತೆ, ಆದರೆ ಅಷ್ಟರಲ್ಲಿ ಬಾಯಿಂದ 'ಅಂಥವರು ಯಾರೂ ಇಲ್ಲಿಲ್ಲ' ಅಂತ ಬಂದುಬಿಟ್ಟಿತ್ತು. ಇಲ್ಲ ಅಂದವರನ್ನು ಟ್ಯಾಂಕಿನ ಹಿಂದಿನಿಂದ ಹೇಗೆ ತಂದು ನಿಲ್ಲಿಸೋದು?

ಎಲ್ಲರನ್ನೂ ಅಷ್ಟು ಚೆನ್ನಾಗಿ ಅಡಗಿಸಿದ್ದು ನಾನೇ, ಚಿಕ್ಕಪ್ಪ. ಇಷ್ಟು ದಿನ ಹೀರೋ, ಇವತ್ತು ಬಾತ್‌ರೂಮ್ ಕ್ಯೂನಲ್ಲಿ ಎಲ್ಲರೂ ನನ್ನನ್ನು ಮುಂದೆ ಬಿಡ್ತಾರೆ, ಮಾತಾಡಬಾರದು ಅಂತ.

ಇನ್ನೂ ಇದೆ. ಗೇಟಿನ ಹೊರಗೆ ರಾಜ್ಯದ ಪಕ್ಷದವರು ಮೈಕ್ ಹಿಡಿದು ಕೇಂದ್ರ ನಮ್ಮ ಮಕ್ಕಳ ಮತ ನುಂಗಿತು ಅಂತ ಕೂಗುತ್ತಿದ್ದಾರೆ. ರಾಜ್ಯದ ಚುನಾವಣಾ ಸಾಹೇಬರು ನಮ್ಮನ್ನು ಕರೆದು, ಯಾರೂ ಬರಲೇ ಇಲ್ಲ, ಗೇಟಿನಿಂದಲೇ ವಾಪಸ್ ಹೋದರು ಅಂತ ಹೇಳಿ, ಉಳಿದದ್ದು ನಾನು ನೋಡ್ಕೋತೀನಿ ಅಂದರು. ಹಾಗೆ ಹೇಳಿದರೆ ವೋಟು ಬರಬಹುದು. ಆದರೆ ಬಂದಿದ್ದರು, ನಾನೇ ಅವರ ಪಾದ ನೋಡಿದ್ದೇನೆ. ಇನ್ನು ಅಡಗಿಕೊಂಡಿದ್ವಿ ಅಂತ ನಿಜ ಹೇಳಿದರೆ ಯಾಕೆ ಅಡಗಿದಿರಿ ಅನ್ನುತ್ತಾರೆ. ಸರ್ಕಾರಿ ಹಾಸ್ಟೆಲಿನಲ್ಲಿ ಇಷ್ಟು ಜನ ತುಂಬಿದ್ದಾರೆ ಅಂತ ಬಯಲಾಗುತ್ತೆ, ನಮ್ಮ ಹಾಸಿಗೆ ಹೋಗುತ್ತೆ. ಆಕ್ಷೇಪಣೆ ಬರೆದುಕೊಟ್ಟಿದ್ದೇವೆ, ಶುಕ್ರವಾರ, 28ಕ್ಕೆ ವಿಚಾರಣೆ.

ನಿನ್ನ ಪತ್ರಗಳನ್ನು ಮತ್ತೆ ತೆಗೆದು ಓದಿದೆ. ಇರುವೆಯ ಕಾಲು ಅಳಿಸಿದ್ದು ಈ ವರ್ಷ, ಇಲ್ಲಿಗೆ ಬಂದ ಮೇಲೆ. ನೀನು ಈ ವರ್ಷ ನನ್ನ ಟ್ರಂಕ್ ನೋಡಿಯೇ ಇಲ್ಲ.

ನಿನ್ನ ಎಡಗಾಲಿನ ಬೂಟು ಸಿಕ್ಕಿತಾ, ಚಿಕ್ಕಪ್ಪ? ಎಲ್ಲಿದ್ದೀಯ ನೀನು?

ಇರುವೆ


ಫೆಬ್ರವರಿ 26, ಬುಧವಾರ

ಇರುವೆ,

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಂತಿಲ್ಲ. ಬೂಟು ಸಿಗಲಿಲ್ಲ.

ನಮ್ಮ ನಿಯಮ ತುಂಬಾ ಸರಳ. ಕಂಡವರನ್ನು ಮಾತ್ರ ಕಂಡೆ ಅನ್ನಬೇಕು. ಟ್ರಂಕ್ ಕಂಡರೆ ಮನುಷ್ಯ ಕಂಡಂತೆ ಅಲ್ಲ. ಹಾಸಿಗೆ ಬೆಚ್ಚಗಿದ್ದರೂ ಅಲ್ಲ. ಪಟ್ಟಿಯಲ್ಲಿ ತನ್ನವರು ಯಾರಾದರೂ ಇದ್ದರೆ ಅದನ್ನು ಮೇಲಿನವರಿಗೆ ಹೇಳಿ, ಕೆಲಸದಿಂದ ಹಿಂದೆ ಸರಿಯಬೇಕು ಅಂತಲೂ ಒಂದು ನಿಯಮ ಇದೆ. ನಿನ್ನ ವಿಳಾಸ ಗೊತ್ತಿತ್ತು, ಆದರೆ ಯಾವ ಗೇಟಿಗೆ ಹೋಗುತ್ತೇವೆ ಅಂತ ಜೀಪು ನಿಲ್ಲುವವರೆಗೆ ನಮಗೂ ಹೇಳುವುದಿಲ್ಲ. ಅಂದು ಸಂಜೆಯೇ ಹೇಳಿದೆ.

ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ವಿಚಾರಣೆ ಮುಗಿದಿರುತ್ತೆ. ಹಾಗಾಗಿ ಏನು ಹೇಳಬೇಕು ಅಂತ ನಾನು ಹೇಳಿದರೂ ಪ್ರಯೋಜನವಿಲ್ಲ. ಅದೇ ಒಳ್ಳೆಯದು ಅನ್ನಿಸುತ್ತಿದೆ.

ಚಿಕ್ಕಪ್ಪ


ಮಾರ್ಚ್ 1, ಶನಿವಾರ

ಚಿಕ್ಕಪ್ಪ,

ಕೂತು ಓದು. ನಿಂತಿದ್ದರೆ ಬೀಳ್ತೀಯ.

ವಿಚಾರಣೆ ಕಾಲೇಜಿನ ಹಳೆಯ ಲ್ಯಾಬಿನಲ್ಲಿ. ಒಂದೇ ಮೇಜು, ಆದರೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಆಚೆ ರಾಜ್ಯದ ಸಾಹೇಬರು, ಈಚೆ ಕೇಂದ್ರದ ಮೇಡಂ. ಸಾಹೇಬರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ನಗುತ್ತಲೇ ಇರುವವರು. ಮೇಡಂ ನಕ್ಕಿದ್ದನ್ನು ಯಾರೂ ನೋಡಿಲ್ಲ. ವಾರ್ಡನಮ್ಮ ಮೂಲೆಯಲ್ಲಿ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು.

ಮೊದಲು ನನ್ನ ಹೆಸರೇ ಕರೆದರು. ಸಾಹೇಬರು ಕಣ್ಣಿನಲ್ಲೇ ಹೇಳಮ್ಮ ಅಂದರು. ಯಾರೂ ಬರಲಿಲ್ಲ ಅನ್ನುವ ಮಾತು ನಾಲಗೆ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದ್ದರೆ ಆ ಪಾದಗಳ ಮನುಷ್ಯ ಸುಳ್ಳುಗಾರ ಆಗುತ್ತಿದ್ದ. ಆ ಮನುಷ್ಯ ಯಾರು ಅಂತ ನನಗೆ ಅಷ್ಟರಲ್ಲಿ ಅರ್ಧ ಗೊತ್ತಿತ್ತು.

"ನಾವು ಅಲ್ಲೇ ಇದ್ವಿ ಮೇಡಂ," ಅಂದೆ. "ಅಡಗಿಕೊಂಡಿದ್ವಿ."

ಸಾಹೇಬರ ನಗು ಹೋಯಿತು. ಯಾಕೆ ಅಡಗಬೇಕಿತ್ತು ಅಂತ ಅವರೇ ಬಾಯಿ ಜಾರಿ ಕೇಳಿಬಿಟ್ಟರು. ಮೂರು ಜನರ ರೂಮಿನಲ್ಲಿ ಐದು ಜನ ಇದ್ದೇವೆ ಅಂದೆ. ಮೇಡಂ ಅದನ್ನು ಬರೆದುಕೊಂಡರು. ಬರೆಯುವಾಗ ಅವರ ಮುಖದಲ್ಲಿ ರಾಜ್ಯ ಸಿಕ್ಕಿಬಿತ್ತು ಅನ್ನುವ ಸಂತೋಷ. ಈ ಕಡೆ ಸಾಹೇಬರು ಹಾಗಾದರೆ ಇವರು ಇಲ್ಲಿಯವರೇ ಅಂತ ಸಾಬೀತಾಯ್ತಲ್ಲ ಅಂತ ಮೇಜು ಕುಟ್ಟಿದರು. ಇಬ್ಬರೂ ನನ್ನ ತಲೆಯ ಮೇಲೆ ಜಗಳ ಆಡತೊಡಗಿದರು. ನನ್ನ ವೋಟು ಅನ್ನುವ ಮಾತೇ ಆ ಜಗಳದಲ್ಲಿ ಇರಲಿಲ್ಲ.

ಕೊನೆಗೆ ಮೇಡಂ, ನಮ್ಮ ತಂಡ ತಾರಸಿಯನ್ನೂ ನೋಡಿದೆ, ಇಷ್ಟು ಜನ ಅಡಗಿದ್ದರು ಅಂದರೆ ಹೇಗೆ ನಂಬೋದು ಅಂದರು. ನನಗೆ ಎಲ್ಲಿಂದ ಧೈರ್ಯ ಬಂತೋ.

"ಇನ್ನೊಂದ್ಸಲ ನೋಡಿ ಮೇಡಂ. ಈ ಸಲ ನಿಮಗೆ ಮೊದಲೇ ಹೇಳಿ ಅಡಗ್ತೀವಿ."

ಚಿಕ್ಕಪ್ಪ, ಅವರು ಒಪ್ಪಿಕೊಂಡರು. ಒಂದೇ ಕಾರಿನಲ್ಲಿ ಬಂದರು, ಯಾಕಂದರೆ ಯಾರ ಕಾರು ಮೊದಲು ಹಾಸ್ಟೆಲ್ ತಲುಪಿದರೂ ಇನ್ನೊಬ್ಬರಿಗೆ ಅನುಮಾನ. ವಾರ್ಡನಮ್ಮ ಗಂಟೆ ಹೊಡೆದರು. ಒಂದು ಉದ್ದ, ಎರಡು ಗಿಡ್ಡ. ಮಂಚ ಸರಸರ ಬೇರೆಯಾಯಿತು, ದಿಂಬು ಅಟ್ಟಕ್ಕೆ ಹಾರಿತು, ಹೇರ್‌ಪಿನ್ ಕಿಸೆಗೆ. ಮೊದಲ ಬಾರಿ ತಪ್ಪಿಸಿಕೊಳ್ಳೋಕೆ ಅಲ್ಲ, ಸಿಗೋಕೆ ಅಡಗುತ್ತಿದ್ದೆವು. ಮಾತು ಬಿಟ್ಟಿದ್ದವರೆಲ್ಲ ನನ್ನ ಕೈ ಹಿಡಿದು ಓಡಿದರು.

ಸಾಹೇಬರು ಅಟ್ಟ ಇಣುಕಲು ನನ್ನ ಟ್ರಂಕ್ ಮೇಲೆ ಹತ್ತಿದರಂತೆ, ಮುಚ್ಚಳ ಸ್ವಲ್ಪ ತಗ್ಗಾಗಿದೆ. ಮೇಡಂ ತಾರಸಿಗೆ ಬಂದರು, ಬೆಡ್‌ಶೀಟಿನ ಮುಂದೆ ನಿಂತರು, ವಾಪಸ್ ಹೋದರು. ಗೊತ್ತಿದ್ದೂ ಸಿಗಲಿಲ್ಲ. ಆಮೇಲೆ, ನಾವು ಮೊದಲೇ ಹೇಳಿಟ್ಟಂತೆ, ವಾರ್ಡನಮ್ಮ ಊಟದ ಗಂಟೆ ಹೊಡೆದರು. ಬೆಡ್‌ಶೀಟು ಸರಿಸಿ ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿದೆವು. ಮೇಡಂ ಒಬ್ಬೊಬ್ಬರ ಮುಖವನ್ನೂ ಗುರುತಿನ ಚೀಟಿಯನ್ನೂ ನೋಡಿ, 'ಸಿಗಲಿಲ್ಲ' ಹೊಡೆದುಹಾಕುತ್ತಾ ಹೋದರು. ನನ್ನದು ಬಂದಾಗ ಕೇಳಿದರು,

"ನಮ್ಮವರೊಬ್ಬರು ಆವತ್ತೇ ಅಂದಿದ್ರು, ಹಾಸಿಗೆ ಬೆಚ್ಚಗಿದೆ ಅಂತ. ನಾನು ನಂಬಲಿಲ್ಲ. ನಿನಗೆ ಅವರು ಗೊತ್ತಾ?"

"ಯಾರು ಮೇಡಂ?"

"ಹೆಸರು ಹೇಳೋ ಹಾಗಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಓಡಾಡೋರು."

ಅವರ ತುಟಿಯ ಒಂದು ಬದಿ ಸ್ವಲ್ಪ ಮೇಲೆ ಹೋಯಿತು. ಅದು ನಗು ಅಂತ ಉದ್ದಕ್ಕನೂ ಒಪ್ಪಿಕೊಂಡಿದ್ದಾಳೆ.

ವೋಟು ಬಂತು, ಚಿಕ್ಕಪ್ಪ. ಹಾಸಿಗೆ ಹೋಗುತ್ತೆ. ಮತದಾನದ ಮರುದಿನ ತಪಾಸಣೆ, ಲೆಕ್ಕಕ್ಕೆ ಮೀರಿದವರು ಜಾಗ ಖಾಲಿ ಮಾಡಬೇಕು ಅಂತ ಸಾಹೇಬರು ಹೋಗುವಾಗ ಹೇಳಿ ಹೋದರು. ಅವರಿಗೆ ನನ್ನ ಮೇಲೆ ಸಿಟ್ಟು. ಇರಲಿ.

ಇರುವೆ


ಮಾರ್ಚ್ 5, ಬುಧವಾರ

ಇರುವೆ,

ಫೋನ್ ವಾಪಸ್ ಕೊಟ್ಟಿದ್ದಾರೆ. ಮನೆಯಲ್ಲಿದ್ದೇನೆ, ಡ್ಯೂಟಿ ಮುಗಿಯಿತು. ಆದರೂ ಬರೆಯುತ್ತಿದ್ದೇನೆ. ಕೆಲವು ಮಾತು ಫೋನಿನಲ್ಲಿ ಆಡಿದರೆ ನೀನು ನಡುವೆ ಬಾಯಿ ಹಾಕ್ತೀಯ.

ಇಷ್ಟು ದಿನ ನಾನು ನಿಮ್ಮ ಹಾಸ್ಟೆಲಿನ ಹಿಂದಿನ ಗೋಡೆಯ ಆಚೆ, ಗೆಸ್ಟ್ ಹೌಸಿನಲ್ಲಿದ್ದೆ. ಸ್ನಾನದ ಮನೆಯ ಕಿಟಕಿಯಿಂದ ನಿಮ್ಮ ಟ್ಯಾಂಕ್ ಕಾಣುತ್ತಿತ್ತು. ನಮ್ಮ ಪತ್ರಗಳು ಮಾತ್ರ ರಾಜಧಾನಿ ಸುತ್ತಿಕೊಂಡು ಬಂದು ಒಂದು ಗೋಡೆ ದಾಟುತ್ತಿದ್ದವು. ನಿಮ್ಮ ಊಟದ ಗಂಟೆಗೆ ನನಗೂ ಹಸಿವಾಗುತ್ತಿತ್ತು.

ಆ ದಿನ ಮಂಚದ ಕೆಳಗೆ ಟ್ರಂಕ್ ನೋಡಿದೆ. ನಿನ್ನನ್ನು ಮೊದಲ ಸಲ ಹಾಸ್ಟೆಲಿಗೆ ಬಿಟ್ಟು ಬರುವ ಹಿಂದಿನ ದಿನ ನಾನೇ ಅದರ ಮೇಲೆ ಇರುವೆ ಬರೆದಿದ್ದೆ, ಬೇರೆ ಮಕ್ಕಳ ಟ್ರಂಕ್ ಜೊತೆ ಕಲೆಯಬಾರದು ಅಂತ. ಹಾಸಿಗೆ ಮುಟ್ಟಿ ನೋಡಿದೆ. ತಾರಸಿಯಲ್ಲಿ ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಒಂದು ಹೆಜ್ಜೆ ಮುಂದೆ ಇಟ್ಟೆ. ಶೀಟು ಸರಿಸಿದ್ದರೆ ನಿನಗೆ ವೋಟು ಸಿಗುತ್ತಿತ್ತು, ಆದರೆ ಅದು ಚಿಕ್ಕಪ್ಪ ಹುಡುಕಿ ಕೊಟ್ಟ ವೋಟು ಆಗುತ್ತಿತ್ತು. ಕೆಳಗೆ ಬಂದು ನಿನ್ನ ಹೆಸರಿನ ಮುಂದೆ 'ಸಿಗಲಿಲ್ಲ' ಅಂತ ನನ್ನ ಕೈಯಲ್ಲೇ ಬರೆದೆ.

ಹಾಸಿಗೆ ಹೋದರೆ ಹೋಗಲಿ. ಇಲ್ಲಿಗೆ ಬಾ. ಮುಂದಿನ ಕೋಣೆ ಖಾಲಿ ಮಾಡಿಸಿದ್ದೇನೆ, ಕಿಟಕಿಗೆ ಹೊಸ ಪರದೆ ಹಾಕಿದೆ. ಇಲ್ಲೂ ಕಾಲೇಜಿದೆ.

ಚಿಕ್ಕಪ್ಪ


ಮಾರ್ಚ್ 10, ಸೋಮವಾರ

ಚಿಕ್ಕಪ್ಪ,

ನಿನ್ನೆ ವೋಟು ಹಾಕಿದೆ. ಬಾಗಿಲಲ್ಲಿ ರಾಜ್ಯದ ಪೊಲೀಸಪ್ಪ ಒಮ್ಮೆ ಚೀಟಿ ನೋಡಿದ, ಕೇಂದ್ರದವನು ಅದೇ ಚೀಟಿ ಮತ್ತೊಮ್ಮೆ ನೋಡಿದ. ಬೇಕಾದರೆ ಇನ್ನೂ ನಾಲ್ಕು ಸಲ ನೋಡಲಿ ಅನ್ನಿಸಿತು. ಕ್ಯೂನಲ್ಲಿ ನನ್ನ ಹಿಂದೆ ಟೀ ಅಂಗಡಿ ಯಜಮಾನರು. ಅಂತೂ ಪತ್ತೆಯಾದೆಯಲ್ಲ ಅಂತ ರೇಗಿಸಿದರು. ನೀನು ಹೊರಟುಹೋದ ಮೇಲೆ ಈ ವೋಟಿನ ಗತಿ ಏನು ಅಂತ ಕೇಳಿದರು. ಈ ಸಲ ಉತ್ತರ ಇತ್ತು.

"ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ ಅಂಕಲ್. ಅವಳಿಗೂ ನಲ್ಲಿಯಲ್ಲಿ ನೀರು ಬರಬೇಕು. ನಿಮಗೂ ಬರಬೇಕು."

ಯೋಚಿಸಿ, ನೀರಿನ ವಿಷಯದಲ್ಲಿ ನೀನು ಹೇಳೋದು ಸರಿ ಅಂದರು. ಉಳಿದ ವಿಷಯದಲ್ಲಿ ಒಪ್ಪಲಿಲ್ಲ.

ಪೆಟ್ಟಿಗೆಯ ಸಂದಿಗೆ ಕಾಗದ ಬಿಟ್ಟಾಗ ಸದ್ದೇ ಬರಲಿಲ್ಲ, ಗೊತ್ತಾ? ಇಷ್ಟೆಲ್ಲ ಗಲಾಟೆ ಆಗಿದ್ದು ಇಷ್ಟು ಮೆತ್ತಗಿನ ಒಂದು ವಸ್ತುವಿಗೆ.

ಇವತ್ತು ಬೆಳಿಗ್ಗೆ ಜೀಪು ಬಂತು. ರಾಜ್ಯದ ಸಾಹೇಬರೇ ಇಳಿದರು. ವಾರ್ಡನಮ್ಮ ಅಭ್ಯಾಸಬಲದಿಂದ ಗಂಟೆ ಹೊಡೆದುಬಿಟ್ಟರು. ಒಂದು ಉದ್ದ, ಎರಡು ಗಿಡ್ಡ.

ನನ್ನ ಕಾಲು ತಾನಾಗಿ ಎದ್ದಿತು, ಸುಳ್ಳು ಹೇಳಲ್ಲ. ಬಾಗಿಲವರೆಗೆ ಹೋಗಿ ನಿಂತೆ. ಉದ್ದಕ್ಕ ಮಂಚದ ಮೇಲೇ ಕೂತಿದ್ದಳು, ದಿಂಬು ಮುಟ್ಟಲಿಲ್ಲ. ಕಾರಿಡಾರಿನಲ್ಲಿ ಯಾರೂ ಓಡುತ್ತಿರಲಿಲ್ಲ. ಪ್ರತಿ ಬಾಗಿಲಲ್ಲೂ ಐದು ತಲೆ.

ಸಾಹೇಬರು ನಮ್ಮ ಕೋಣೆಗೆ ಬಂದು, ಜೋಡಿಸಿದ ಮಂಚ ನೋಡಿ, ಇಲ್ಲಿ ಎಷ್ಟು ಜನ ಅಂದರು. ಲೆಕ್ಕದಲ್ಲಿರುವ ಮೂವರೇ ಮೊದಲು ಐದು ಅಂದರು. ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಮತ ಎಣಿಕೆ ಇನ್ನೂ ಆಗಿಲ್ಲ. ಈ ಹೊತ್ತಿನಲ್ಲಿ ಮತದಾರರನ್ನು ಬೀದಿಗೆ ಹಾಕಿದ ಸಾಹೇಬ ಅನ್ನಿಸಿಕೊಳ್ಳೋಕೆ ಅವರಿಗೆ ಮನಸ್ಸಿರಲಿಲ್ಲ ಅಂತ ಕಾಣುತ್ತೆ. ವಾರ್ಡನಮ್ಮನ ಕಡೆ ತಿರುಗಿ, ಐದು ಅಂತಲೇ ಬರ್ಕೊಳ್ಳಿ, ಮಂಚಕ್ಕೆ ಕೇಳೋಣ ಅಂದರು. ಬರುತ್ತೋ ಇಲ್ಲವೋ ಗೊತ್ತಿಲ್ಲ. ಬರೆದದ್ದನ್ನು ನಾನು ನೋಡಿದೆ.

ಪರದೆಯ ಬಣ್ಣ ಯಾವುದು? ರಜೆಗೆ ಬಂದು ನೋಡ್ತೀನಿ, ಅಲ್ಲಿಯವರೆಗೆ ಕೋಣೆ ಯಾರಿಗೂ ಕೊಡಬೇಡ. ಆದರೆ ಈ ಭಾನುವಾರ ನೀನೇ ಇಲ್ಲಿಗೆ ಬಾ. ಜೀಪಿನಲ್ಲಿ ಅಲ್ಲ, ಬಸ್ಸಿನಲ್ಲಿ. ಬರುವಾಗ ಬಿಳಿ ಬಣ್ಣದ ಸಣ್ಣ ಡಬ್ಬಿ ಮತ್ತು ಬ್ರಷ್ ತಾ, ಇರುವೆಯ ಕಾಲು ನಾನು ಬರೆದರೆ ಸೊಟ್ಟ ಆಗುತ್ತೆ. ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಬಾಗಿಲಿಗೆ ಎದುರಾಗಿ ಇಟ್ಟಿದ್ದೇನೆ. ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣುತ್ತೆ.

ಗೇಟಿನ ಹತ್ತಿರ ಬೂಟು ಜೋಪಾನ.

ನಿನ್ನ,
ಇರುವೆ